ಯುದ್ಧ ಕಾಲದ ಉಗಿ ಎಂಜಿನ್‌ಗಳು: ಒಂದು ನಕ್ಷೆ, ಸಾವಿರ ಗಾಲಿ

ಸೊಲ್ಲಾಪುರದಿಂದ ಅಕ್ಕಲಕೋಟ ರೋಡ್‌ಗೆ ರೈಲಿನಲ್ಲಿ ಹೋಗುವಾಗ ನಡುವೆ ಹೋಟಗಿ ಜಂಕ್ಷನ್ ಬರುತ್ತದೆ. ಮುಂಬಯಿ-ರಾಯಚೂರು ದಾರಿ ಬ್ರಾಡ್‌ಗೇಜ್, 1676 ಮಿ.ಮೀ. 1871ರಲ್ಲಿ ಇದು ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. ಹೋಟಗಿಯಿಂದ ವಿಜಾಪುರ, ಬಾಗಲಕೋಟೆ ಮೇಲೆ ಗದಗಿಗೆ ಹೋಗುವ ದಾರಿ ಆಗ ಮೀಟರ್‌ಗೇಜ್. ನಮ್ಮ ಜಿಲ್ಲೆಯ ಕುರ್ಡುವಾಡಿಯಿಂದ ಬಾರ್ಶಿಗೆ 1897ರಲ್ಲಿ ಓಡಿದ ಗಾಡಿಯದು 762 ಮಿ.ಮೀ. ನ್ಯಾರೋಗೇಜ್. ಹೀಗೆ ಒಂದೇ ಜಿಲ್ಲೆಯಲ್ಲಿ ಮೂರು ಅಳತೆ. ಒಂದರ ಎಂಜಿನ್ ಇನ್ನೊಂದರ ಮೇಲೆ ಓಡುವುದಿಲ್ಲ. ಗೇಜ್ ಬದಲಾಗುವಲ್ಲಿ ಸಾಮಾನು ಇಳಿಸಿ ಮತ್ತೆ ಏರಿಸಬೇಕು.

ಎರಡನೆಯ ಮಹಾಯುದ್ಧದಲ್ಲಿ ಈ ತೊಂದರೆ ಇಡೀ ದೇಶಕ್ಕೆ ದೊಡ್ಡದಾಗಿ ಕಾಣಿಸಿತು. ನಮ್ಮ ದೇಶದ ಎಂಜಿನ್ ಮತ್ತು ಡಬ್ಬಿಗಳನ್ನು ಮಧ್ಯಪ್ರಾಚ್ಯಕ್ಕೆ ಕಳಿಸಿದರು. ಕೆಲವು ಕಡೆ ಹಳಿಗಳನ್ನೇ ಕಿತ್ತು ಒಯ್ದರು. ರೈಲ್ವೆ ಕಾರ್ಖಾನೆಗಳಲ್ಲಿ ಯುದ್ಧ ಸಾಮಗ್ರಿ ತಯಾರಾಗತೊಡಗಿತು. ಜನಸಾಮಾನ್ಯರ ಗಾಡಿಗಳು ಕಡಿಮೆಯಾದವು. 1942ರಲ್ಲಿ ಜಪಾನೀಯರು ಬರ್ಮಾ ಹಿಡಿದ ಮೇಲೆ ಅಸ್ಸಾಮಿನ ಕಡೆಗೆ ಸೈನ್ಯ ಸಾಗಿಸಬೇಕಾಯಿತು. ಬ್ರಿಟನ್ನಿನ ಕಾರ್ಖಾನೆಗಳಿಗೆ ಬಿಡುವಿರಲಿಲ್ಲ. ಆದ್ದರಿಂದ ಅಮೆರಿಕ ಮತ್ತು ಕೆನಡಾಗಳಿಂದ ಎಂಜಿನ್ ತರಿಸಿದರು.

ಅವುಗಳ ವಿಶೇಷವೆಂದರೆ, ಒಂದೇ ನಕ್ಷೆ ಇಟ್ಟುಕೊಂಡು ಬೇರೆ ಬೇರೆ ಕಂಪನಿಗಳು ತಯಾರಿಸಿದವು. ಒಂದು ಎಂಜಿನ್ ಕೆಟ್ಟರೆ ಇನ್ನೊಂದರ ಬಿಡಿಭಾಗ ಹೊಂದುತ್ತಿತ್ತು. ಅಲಂಕಾರವಿಲ್ಲ, ಬೇಗ ಮಾಡುವುದೇ ಮುಖ್ಯ. ಜರ್ಮನರೂ ಇದೇ ದಾರಿ ಹಿಡಿದು 52ನೇ ವರ್ಗದ ಎಂಜಿನ್‌ಗಳನ್ನು 6,000ಕ್ಕೂ ಹೆಚ್ಚು ತಯಾರಿಸಿದರು.

ಬ್ರಾಡ್‌ಗೇಜಿಗೆ ಬಂದವುಗಳಲ್ಲಿ ಎ.ಡಬ್ಲ್ಯೂ.ಡಿ. ಮತ್ತು ಸಿ.ಡಬ್ಲ್ಯೂ.ಡಿ. ಮುಖ್ಯ. ಮೊದಲನೆಯದು ಅಮೆರಿಕದ್ದು, ಎರಡನೆಯದು ಕೆನಡಾದ್ದು. ಎರಡೂ ಸೇರಿ ಸುಮಾರು 800. ಇವು 2-8-2 ರಚನೆಯವು. ಅಂದರೆ ಮುಂದೆ 2 ಸಣ್ಣ ಗಾಲಿ, ನಡುವೆ ಎಳೆಯುವ 8 ದೊಡ್ಡ ಗಾಲಿ, ಹಿಂದೆ 2 ಸಣ್ಣ ಗಾಲಿ. ಎ.ಡಬ್ಲ್ಯೂ.ಸಿ. ಎಂಬ 2-8-0 ಎಂಜಿನ್‌ಗಳು 60 ಬಂದವು. ಅಮೆರಿಕದ ಸೈನ್ಯ ಯೂರೋಪಿನಲ್ಲೂ ಓಡಿಸಿದ ಎಸ್-160 ಎಂಬುದರ ರೂಪವೇ ಇದು.

ಮೀಟರ್‌ಗೇಜಿಗೆ ಬಂದದ್ದು ಎಂ.ಎ.ಡಬ್ಲ್ಯೂ.ಡಿ. 'ಮ್ಯಾಕ್‌ಆರ್ಥರ್' ಎಂದೂ ಹೆಸರು. ಹಗುರ ಹಳಿಗಳ ಮೇಲೂ ಓಡುವಂತೆ ಇದನ್ನು ರಚಿಸಿದ್ದರು. ಸಿಲಿಂಡರಿನ ವ್ಯಾಸ 16 ಅಂಗುಲ, ಪಿಸ್ಟನ್ನಿನ ಓಟ 24 ಅಂಗುಲ, ಎಳೆಯುವ ಗಾಲಿ 48 ಅಂಗುಲ, ಉಗಿಯ ಒತ್ತಡ ಚದರ ಅಂಗುಲಕ್ಕೆ 185 ಪೌಂಡ್.

ಇಷ್ಟು ಗೊತ್ತಿದ್ದರೆ ಎಂಜಿನ್ನಿನ ಎಳೆಯುವ ಶಕ್ತಿಯನ್ನು ಏಳನೆಯ ತರಗತಿಯ ಮಕ್ಕಳೂ ಲೆಕ್ಕ ಹಾಕಬಹುದು. ವ್ಯಾಸದ ವರ್ಗವನ್ನು ಓಟದಿಂದ ಗುಣಿಸಿ ಗಾಲಿಯ ಅಳತೆಯಿಂದ ಭಾಗಿಸಬೇಕು: 256 × 24 ÷ 48 = 128. ಇದನ್ನು 185ರಿಂದ ಗುಣಿಸಿ 100ಕ್ಕೆ 85ರಷ್ಟು ಹಿಡಿಯಬೇಕು. ಉತ್ತರ 20,128 ಪೌಂಡ್, ಅಂದರೆ ಸುಮಾರು 9 ಟನ್. ಎಸ್-160ರ ಅಳತೆ 19, 26, 57, ಒತ್ತಡ 225. ಮಕ್ಕಳಿಂದ ಮಾಡಿಸಿ ನೋಡಿರಿ, ಸುಮಾರು 31,490 ಬರಬೇಕು.

ಯುದ್ಧ ಮುಗಿದರೂ ಈ ಎಂಜಿನ್‌ಗಳು ದಶಕಗಳ ಕಾಲ ನಮ್ಮ ರೈಲ್ವೆಯಲ್ಲಿ ದುಡಿದವು. ಕೊಲ್ಲಲಿಕ್ಕೆ ಹೊರಟವರ ಅವಸರದಲ್ಲಿ ಹುಟ್ಟಿದ್ದು ಕೊನೆಗೆ ಕಾಳುಕಡಿ, ಕಲ್ಲಿದ್ದಲು ಹೊತ್ತಿತು. ಮುಂದೆ 1950ರಿಂದ ಡಬ್ಲ್ಯೂ.ಜಿ. ಎಂಜಿನ್‌ಗಳು ಬಂದವು. ಚಿತ್ತರಂಜನ್ ಕಾರ್ಖಾನೆಯ ಮೊದಲ ಎಂಜಿನ್ 'ದೇಶಬಂಧು' ಇದೇ ಜಾತಿಯದು. ಯುದ್ಧಕಾಲದ ಇನ್ನೊಂದು ಮಾದರಿಯಾದ ಎ.ಡಬ್ಲ್ಯೂ.ಇ.ಯ 'ವಿರಾಟ್' ಎಂಜಿನನ್ನು ಹರಿಯಾಣದ ರೇವಾಡಿ ಶೆಡ್ಡಿನಲ್ಲಿ ಜೋಪಾನ ಮಾಡಿದ್ದಾರೆ.

ಹೋಟಗಿಯಲ್ಲಿ ಈಗ ಮೀಟರ್‌ಗೇಜ್ ಇಲ್ಲ, ಗದಗಿನವರೆಗೂ ಬ್ರಾಡ್‌ಗೇಜ್ ಆಗಿದೆ. ಕುರ್ಡುವಾಡಿಯ ಸಣ್ಣ ಗಾಡಿಯೂ ಹೋಯಿತು. ಆದರೆ ಹೊಗೆಗಾಡಿಯಲ್ಲಿ ಕಣ್ಣಿಗೆ ಕಿಡಿ ಬಿದ್ದದ್ದನ್ನು ಹೇಳುವ ಅಜ್ಜಂದಿರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಲೆಕ್ಕ ಮುಗಿದ ಮೇಲೆ ಮಕ್ಕಳನ್ನು ಅವರ ಹತ್ತಿರ ಕಳಿಸೋಣ. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಸಿ ಇಡೋಣ. ಆ ಇತಿಹಾಸ ಯಾವ ಪಠ್ಯಪುಸ್ತಕದಲ್ಲೂ ಸಿಗುವುದಿಲ್ಲ.