ಅಲೆಯಲ್ಲ, ಉಬ್ಬರ: ಮುಂಬಯಿ ಮಳೆಗಾಲದ ಒಂದು ಪ್ರಯೋಗ

ಜೂನ್ ಕಾಲಿಟ್ಟರೆ ಸಾಕು, ಮುಂಬಯಿಯ ಸುದ್ದಿಗಳಲ್ಲಿ ಒಂದೇ ಅಚ್ಚಿನ ವಾಕ್ಯ ಕಾಣಿಸಿಕೊಳ್ಳುತ್ತದೆ: ಇಂದು ಮಧ್ಯಾಹ್ನ ನಾಲ್ಕೂವರೆ ಮೀಟರ್ ಎತ್ತರದ ಅಲೆಗಳು ಏಳಲಿವೆ. ಮರಾಠಿಯಲ್ಲಿ ಅದು ‘ಲಾಟಾ’, ಹಿಂದಿಯಲ್ಲಿ ‘ಲಹರೇಂ’, ಕನ್ನಡದಲ್ಲಿ ‘ಅಲೆಗಳು’. ಅಂಕಿ ಸರಿಯಾಗಿಯೇ ಇರುತ್ತದೆ. ಅದು ಅಳೆಯುವುದು ಮಾತ್ರ ಅಲೆಯನ್ನಲ್ಲ.

ಮಹಾನಗರಪಾಲಿಕೆ ಪ್ರತಿವರ್ಷ ಹೊರಡಿಸುವ ಎಚ್ಚರಿಕೆಯ ದಿನಗಳ ಪಟ್ಟಿಯಲ್ಲಿರುವುದು ಉಬ್ಬರದ ಮಟ್ಟ. ಚಂದ್ರ ಸೂರ್ಯರ ಸೆಳೆತಕ್ಕೆ ಇಡೀ ಕಡಲು ನಿಧಾನವಾಗಿ ಏರಿ, ಆರು ತಾಸಿನಲ್ಲಿ ಇಳಿಯುವ ಚಲನೆ ಅದು. ಇದನ್ನು ಅಳೆಯುವುದು ನೌಕಾ ನಕಾಶೆಯ ಸೊನ್ನೆ ಗೆರೆಯಿಂದ, ಅಂದರೆ ಸುಮಾರಾಗಿ ಅತಿ ತಗ್ಗಿದ ಇಳಿತದ ಮಟ್ಟದಿಂದ. ಅಪೊಲೊ ಬಂದರಿನಲ್ಲಿ ಸಮುದ್ರದ ಸರಾಸರಿ ಮಟ್ಟವೇ ಆ ಗೆರೆಗಿಂತ 2.51 ಮೀಟರ್ ಮೇಲಿದೆ. ಹಾಗಾಗಿ 4.5 ಮೀಟರ್ ಉಬ್ಬರವೆಂದರೆ ನೀರು ಸರಾಸರಿಗಿಂತ ಎರಡು ಮೀಟರ್ ಏರಿದೆ ಎಂದಷ್ಟೇ ಅರ್ಥ. 1878ರಿಂದ ಅಲ್ಲಿ ಈ ಏರಿಳಿತವನ್ನು ದಾಖಲಿಸುತ್ತ ಬಂದಿದ್ದಾರೆ. ಹಿಂದೂ ಮಹಾಸಾಗರದ ಅತಿ ಹಳೆಯ ದಾಖಲೆಗಳಲ್ಲಿ ಅದೂ ಒಂದು.

ಗೊಂದಲದ ಬೇರು ಭಾಗಶಃ ಶಬ್ದದಲ್ಲಿದೆ. ಇಂಗ್ಲಿಷಿನ ನಾವಿಕರು ಮೂರು ಬಗೆಯ ಉಬ್ಬುವಿಕೆಗೆ ಮೂರು ಹೆಸರಿಟ್ಟಿದ್ದಾರೆ. ಆಕಾಶಕಾಯಗಳ ಸೆಳೆತಕ್ಕೆ ಏರುವುದು ಟೈಡ್. ದೂರದ ಗಾಳಿ ಎಬ್ಬಿಸಿ, ಆ ಗಾಳಿ ನಿಂತ ಮೇಲೂ ಸಾವಿರಾರು ಕಿಲೋಮೀಟರ್ ಸಾಗಿ ಬರುವ ನೀಳವಾದ ಅಲೆಸಾಲು ಸ್ವೆಲ್. ಚಂಡಮಾರುತ ದಡಕ್ಕೆ ದಬ್ಬಿ ತರುವ ನೀರಿನ ರಾಶಿ ಸರ್ಜ್. ಕನ್ನಡದ ‘ಉಬ್ಬು’ ಧಾತು ಇವೆಲ್ಲವನ್ನೂ ಒಡಲಲ್ಲಿ ಇಟ್ಟುಕೊಂಡಿದೆ. ನಮ್ಮ ‘ಉಬ್ಬರ’ ಹಿಟ್ಟಿಗೂ ಹೊಟ್ಟೆಗೂ ಸಲ್ಲುತ್ತದೆ, ಕಡಲಿಗೂ ಸಲ್ಲುತ್ತದೆ. ಮರಾಠಿಯ ಬಳಕೆ ಇನ್ನೂ ಕರಾರುವಾಕ್ಕು: ಏರು ‘ಭರತಿ’, ಇಳಿತ ‘ಓಹೋಟಿ’, ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತಿ ‘ಉಧಾಣ’, ನಡುವಿನ ದಿನಗಳ ಸಣ್ಣದು ‘ಭಾಂಗ’. ಇಷ್ಟೆಲ್ಲ ಇದ್ದೂ ಮರಾಠಿ ಸುದ್ದಿಗಳು ‘ಲಾಟಾ’ ಎಂದೇ ಬರೆಯುವುದರಿಂದ, ತಪ್ಪನ್ನು ಪೂರ್ತಿ ಶಬ್ದದ ತಲೆಗೆ ಕಟ್ಟುವಂತಿಲ್ಲ. ಅಲೆ ಎಂದರೆ ಚಿತ್ರ ಸಿಗುತ್ತದೆ, ಉಬ್ಬರ ಎಂದರೆ ಸಿಗುವುದಿಲ್ಲ. ಸುದ್ದಿಮನೆಗೆ ಚಿತ್ರ ಬೇಕು.

ಕರಾವಳಿಯಿಂದ ಬಂದ ಕನ್ನಡಿಗನಿಗೆ ಇನ್ನೊಂದು ತೊಡಕಿದೆ. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಡುವಣ ಅಂತರ ಸುಮಾರು 1.2 ಮೀಟರ್. ಮುಂಬಯಿಯಲ್ಲಿ ಅದು 3.6 ಮೀಟರ್ ದಾಟುತ್ತದೆ. ಉತ್ತರಕ್ಕೆ ಹೋದಂತೆ ತೀರದಾಚೆಯ ಆಳವಿಲ್ಲದ ನೆಲ ಅಗಲವಾಗುವುದು, ಖಂಭಾತ್ ಕೊಲ್ಲಿ ಆಲಿಕೆಯಂತೆ ಕಿರಿದಾಗುವುದು ಇದಕ್ಕೆ ಕಾರಣ. 1902ರಲ್ಲೇ ಮುಂಬಯಿಯಲ್ಲಿ ತಮ್ಮ ಮಂಡಳಿ ಕಟ್ಟಿಕೊಂಡ ಮೊಗವೀರರಂಥ ಕಡಲ ಮಕ್ಕಳಿಗೂ ಊರಿನ ಉಬ್ಬರ ಬೇರೆ, ಇಲ್ಲಿಯದು ಬೇರೆ.

ಹಾಗಾದರೆ 4.5ಕ್ಕೆ ಹೆದರಬೇಕಾದ್ದಿಲ್ಲವೇ? ಹೆದರಬೇಕು, ಆದರೆ ಕಡಲಕಟ್ಟೆಯ ಮೇಲೆ ನಿಂತಲ್ಲ, ಚರಂಡಿಯ ಬಾಯಲ್ಲಿ ನಿಂತು. ನಗರದ ಮಳೆನೀರು ಹೊರಬೀಳುವ 186 ಬಾಯಿಗಳಲ್ಲಿ 45 ಸಮುದ್ರದ ಸರಾಸರಿ ಮಟ್ಟಕ್ಕಿಂತಲೇ ಕೆಳಗಿವೆ, ಉಳಿದವುಗಳಲ್ಲಿ 135 ಉಬ್ಬರದ ಮಟ್ಟಕ್ಕಿಂತ ಕೆಳಗಿವೆ. ಉಬ್ಬರದಲ್ಲೂ ತಲೆಯೆತ್ತಿ ನಿಲ್ಲುವುವು ಆರೇ ಆರು. ಕಡಲು ಏರಿದಾಗ ಆ ಬಾಯಿಗಳ ಮೂಲಕ ಉಪ್ಪುನೀರು ಒಳನುಗ್ಗುತ್ತದೆ. ಬಾಗಿಲು ಹಾಕಿದರೆ ಮಳೆನೀರು ಒಳಗೇ ಉಳಿಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ ಮಧ್ಯಾಹ್ನದ ಉಬ್ಬರ 4.48 ಮೀಟರ್ ಇತ್ತು. ಮೀಠಿ ನದಿಯ ನೀರು ಮಾಹಿಮ್ ಖಾಡಿಯಲ್ಲಿ ದಾರಿ ಸಿಗದೆ ಕುರ್ಲಾ, ಕಲೀನಾದ ಮನೆಗಳಿಗೆ ತಿರುಗಿತು. ಅದೇ ಕಡಲು, ಅದೇ ಉಬ್ಬರ, ಆದರೆ ಕೊಲಾಬಾದಲ್ಲಿ ಬಿದ್ದ ಮಳೆ ಕೇವಲ 73 ಮಿಲಿಮೀಟರ್. ದಕ್ಷಿಣ ಮುಂಬಯಿ ಹಾಗೆ ಮುಳುಗಲಿಲ್ಲ. ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್ ಮುಂತಾದೆಡೆ ಪಂಪಿಂಗ್ ಸ್ಟೇಷನ್‌ಗಳು ತಲೆಯೆತ್ತಿದ್ದು, ಉಬ್ಬರದ ಹೊತ್ತಿನಲ್ಲೂ ನೀರನ್ನು ಎತ್ತಿ ಕಡಲಿಗೆ ಹಾಕಲೆಂದೇ.

ಅಲೆಯೂ ಉಬ್ಬರವೂ ಬೇರೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಚಳಿಗಾಲ. ಮಳೆಗಾಲದಲ್ಲಿ ದಿನದ ಎರಡು ಉಬ್ಬರಗಳಲ್ಲಿ ಹಗಲಿನದು ದೊಡ್ಡದು, ಡಿಸೆಂಬರಿನಲ್ಲಿ ನಡುರಾತ್ರಿಯದು. ಆಗಲೂ ನೀರು 4.5 ಮೀಟರ್ ದಾಟುವುದುಂಟು, ಆದರೆ ಗಾಳಿಯಿಲ್ಲದ ಕಡಲು ಮರೀನ್ ಡ್ರೈವಿನ ಟೆಟ್ರಾಪಾಡ್‌ಗಳ ನಡುವೆ ಸದ್ದಿಲ್ಲದೆ ಏರಿ ಇಳಿಯುತ್ತದೆ. ಜುಲೈಯಲ್ಲಿ ರಸ್ತೆಗೆ ಹಾರುವ ನೀರು ನೈಋತ್ಯ ಮಾರುತದ ಅಲೆಯದು. ಉಬ್ಬರ ಅದಕ್ಕೆ ಏಣಿಯಾಗುತ್ತದೆ, ಅಷ್ಟೆ. ಆ ಅಲೆಯ ಎತ್ತರವನ್ನು ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಬೇರೆಯಾಗಿಯೇ ಮುನ್ಸೂಚಿಸುತ್ತದೆ. ಸ್ವೆಲ್‌ಗೆ ‘ಉಬ್ಬಲೆ’ ಎಂದು ಬಳಸಿ, ‘ಉಬ್ಬರ’ವನ್ನು ಟೈಡ್‌ಗೇ ಮೀಸಲಿಡಬಹುದು ಎಂದು ನನಗನ್ನಿಸುತ್ತದೆ. ಆಗ ಸುದ್ದಿಯಲ್ಲಿ ಎರಡು ಅಂಕಿಗಳು ಬೇಕಾಗುತ್ತವೆ: ಉಬ್ಬರ ಇಷ್ಟು, ಅಲೆ ಇಷ್ಟು.