ವಿದೇಶೀಯ ದಂಪತಿಗಳ ಪ್ರವೇಶಮುದ್ರೆ: ವಿಜಯಪುರ ಸೀಮೆಯ ದೃಷ್ಟಿಯಿಂದ ಒಂದು ಇತಿಹಾಸವಿಚಾರ

ವಿಜಯಪುರ, ತಿಕೋಟಾ, ಬಬಲೇಶ್ವರಗಳ ಮನೆತನಗಳಿಂದ ವಿದ್ಯೆಗೂ ಉದ್ಯೋಗಕ್ಕೂ ಪರದೇಶಕ್ಕೆ ಹೋದ ತರುಣ ತರುಣಿಯರು ಅಲ್ಲಿಯವರನ್ನೇ ವರಿಸುವುದು ಈಗ ಅಪೂರ್ವವಾದ ಸಂಗತಿಯಲ್ಲ. ಅಂಥ ಸೊಸೆಯನ್ನಾಗಲಿ ಅಳಿಯನನ್ನಾಗಲಿ ಮನೆಗೆ ಕರೆತರುವಾಗ ಯಾವ ಬಗೆಯ ವೀಸಾ ಬೇಡತಕ್ಕದ್ದೆಂಬ ಪ್ರಶ್ನೆ ಏಳುತ್ತದೆ. ಲಗ್ನವಾದ ಮೇಲೆ ಆಕೆ ನಮ್ಮವಳೇ ಆದಳಲ್ಲ, ಸರಕಾರದ ಚೀಟಿ ಏತಕ್ಕೆ ಎಂದು ಹಿರಿಯರು ಕೇಳುವುದುಂಟು. ಈ ಮಾತನ್ನು ಅಜ್ಞಾನವೆಂದು ತಳ್ಳಿಬಿಡಲಾಗದು. ಒಂದು ಕಾಲಕ್ಕೆ ಈ ಸೀಮೆಯ ರಾಜಶಾಸನವೂ ಬಹುಮಟ್ಟಿಗೆ ಇದನ್ನೇ ಹೇಳುತ್ತಿತ್ತು. ಅದು ಹೇಗೆ ಬದಲಾಯಿತೆಂಬುದನ್ನು ತಿಳಿದರೆ ಇಂದಿನ ಆಯ್ಕೆಯೂ ಸುಲಭವಾಗುವುದು.

ಮೊದಲು ಶಬ್ದವಿಚಾರ. ವೀಸಾ ಎಂಬುದು ಲ್ಯಾಟಿನ್ ಮೂಲದ ಪದ. ‘ನೋಡಲ್ಪಟ್ಟ’ ಪತ್ರವೆಂದು ಅದರ ಅರ್ಥ. ಹದಿನಾರನೆಯ ಒಂದಂಶವನ್ನು ಹೇಳುವ ನಮ್ಮ ‘ವೀಸ’ಕ್ಕೂ ಇದಕ್ಕೂ ಸಂಬಂಧವಿಲ್ಲ. ‘ರಹದಾರಿ’ಯು ಪಾರಸಿಯಿಂದ ಬಂದುದು, ಅದರ ಕೊನೆಯಲ್ಲಿ ಕೇಳಿಬರುವ ‘ದಾರಿ’ ಕನ್ನಡದ ದಾರಿಯಲ್ಲ. ಸಂಸ್ಕೃತದಲ್ಲಿ ಇದಕ್ಕೆ ‘ಮುದ್ರಾ’ ಎಂದು ಹೆಸರು. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಒಂದು ಮಾಷಕಕ್ಕೆ ಒಂದು ಮುದ್ರೆ; ಮುದ್ರೆಯುಳ್ಳವನಿಗೇ ಜನಪದದಲ್ಲಿ ಪ್ರವೇಶ ನಿರ್ಗಮನಗಳು. ಮುದ್ರೆಯಿಲ್ಲದ ಸ್ವದೇಶಿಗೆ ಹನ್ನೆರಡು ಪಣಗಳ ದಂಡ. ಕೂಟಮುದ್ರೆಗೆ ಸ್ವದೇಶಿಯಾದರೆ ಪೂರ್ವಸಾಹಸದಂಡ, ಅನ್ಯದೇಶೀಯನಾದರೆ ಉತ್ತಮಸಾಹಸದಂಡ. ಆ ಪ್ರಕರಣದಲ್ಲಿ ವಿವಾಹದ ಮಾತೇ ಇಲ್ಲವೆಂಬುದನ್ನು ಗಮನಿಸತಕ್ಕದ್ದು. ಮುದ್ರೆಯು ಗಡಿಗೆ ಸಂಬಂಧಿಸಿದುದು, ವಿವಾಹವು ಕುಲಕ್ಕೆ ಸಂಬಂಧಿಸಿದುದು. ಇವೆರಡೂ ಅಲ್ಲಿ ಬೇರೆಬೇರೆಯಾಗಿಯೇ ಉಳಿದಿವೆ.

ಆದಿಲಶಾಹಿಯ ಬಿಜಾಪುರವನ್ನು ಕಟ್ಟಿದವರಲ್ಲಿ ಪರದೇಶೀಯರು ಬಹು ಮಂದಿ. ರಾಜವಂಶದ ಮೂಲಪುರುಷನಾದ ಯೂಸುಫ್ ಆದಿಲಶಹನು ಪರ್ಷಿಯದ ಸಾವಾದಿಂದ ಬಂದವನೆಂದೂ, ಮುಕುಂದರಾವ್ ಎಂಬ ಮರಾಠಾ ಸರದಾರನ ತಂಗಿಯನ್ನು ವರಿಸಿದನೆಂದೂ ಫೆರಿಷ್ತಾ ಬರೆಯುತ್ತಾನೆ. ಪೂಂಜಿ ಖಾತೂನ್ ಎಂದು ಪ್ರಸಿದ್ಧಳಾದವಳು ಆಕೆಯೇ. ಇಲ್ಲಿ ಪರದೇಶೀಯನಾದವನು ವರ, ಈ ನಾಡಿನವಳು ವಧು. ೧೬೦೪ರಲ್ಲಿ ಎರಡನೆಯ ಇಬ್ರಾಹಿಮನ ಮಗಳನ್ನು ಅಕ್ಬರನ ಮಗನಾದ ದಾನಿಯಾಲನಿಗೆ ಕೊಟ್ಟಾಗ, ವಧುವಿನ ಪರಿವಾರದೊಡನೆ ಗೋದಾವರಿಯ ತೀರದವರೆಗೆ ಹೋದವರಲ್ಲಿ ಫೆರಿಷ್ತಾನೂ ಒಬ್ಬನು. ಅರಸುಮನೆಗಳ ಮಟ್ಟಿಗೆ ವಿವಾಹದ ಒಡಂಬಡಿಕೆಯೇ ಮುದ್ರೆಯಾಗಿತ್ತೆನ್ನಲು ಅಡ್ಡಿಯಿಲ್ಲ.

ಇಂಗ್ಲಿಷರ ಆಳಿಕೆಯಲ್ಲಿ ಜಿಲ್ಲೆಯ ಮುಖ್ಯಸ್ಥಾನವು ೧೮೮೫ರಲ್ಲಿ ಕಲಾದಗಿಯಿಂದ ಬಿಜಾಪುರಕ್ಕೆ ಬಂದಿತು. ಮುಂದೆ ೧೯೧೪ರ ಬ್ರಿಟಿಷ್ ರಾಷ್ಟ್ರೀಯತ್ವದ ಕಾಯದೆಯು, ಬ್ರಿಟಿಷ್ ಪ್ರಜೆಯ ಹೆಂಡತಿಯು ಬ್ರಿಟಿಷ್ ಪ್ರಜೆಯೆಂದೂ ಪರಕೀಯನ ಹೆಂಡತಿಯು ಪರಕೀಯಳೆಂದೂ ವಿಧಿಸಿತು. ಆದ್ದರಿಂದ ಬಿಜಾಪುರ ಜಿಲ್ಲೆಯಲ್ಲಿ ಹುಟ್ಟಿದ ಬ್ರಿಟಿಷ್ ಪ್ರಜೆಯೊಬ್ಬನು ಪರದೇಶದ ಹೆಣ್ಣನ್ನು ವರಿಸಿದರೆ, ಆಕೆಗೆ ಗಂಡನ ರಾಷ್ಟ್ರೀಯತ್ವವು ವಿವಾಹದಿಂದಲೇ ಬರುತ್ತಿತ್ತು. ಬಬಲೇಶ್ವರದಿಂದ ದಕ್ಷಿಣಕ್ಕೆ ಕೃಷ್ಣೆಯನ್ನು ದಾಟಿದರೆ ಜಮಖಂಡಿ ಸಂಸ್ಥಾನ. ಅಲ್ಲಿಯ ಪ್ರಜೆಗಳು ಬ್ರಿಟಿಷ್ ರಕ್ಷಣೆಗೊಳಪಟ್ಟವರೇ ಹೊರತು ಬ್ರಿಟಿಷ್ ಪ್ರಜೆಗಳಲ್ಲವಾದುದರಿಂದ ಈ ವಿಧಿಯು ಅವರಿಗೆ ಸಲ್ಲುತ್ತಿರಲಿಲ್ಲ. ವಿವಾಹದಿಂದ ವಧುವು ಪಿತೃಗೋತ್ರವನ್ನು ಬಿಟ್ಟು ಪತಿಗೋತ್ರವನ್ನು ಸೇರುವಳೆಂಬ ಧರ್ಮಶಾಸ್ತ್ರದ ಮತಕ್ಕೂ ಈ ಕಾಯದೆಗೂ ಸಾದೃಶ್ಯವು ಸ್ಪಷ್ಟವಾಗಿದೆ. ಹಿರಿಯರ ಪ್ರಶ್ನೆಗೆ ಆಧಾರವು ಇಲ್ಲಿದೆ. ಆದರೆ ಇದರ ಇನ್ನೊಂದು ಮುಖವನ್ನು ಮರೆಯಲಾಗದು: ಪರಕೀಯನನ್ನು ವರಿಸಿದ ಈ ನಾಡಿನ ಹೆಣ್ಣುಮಗಳು ಹುಟ್ಟಿದ ಊರಿನಲ್ಲಿಯೇ ಪರಕೀಯಳಾಗಬಹುದಾಗಿತ್ತು. ಹೆಂಡತಿಯನ್ನು ಗಂಡನ ನೆರಳೆಂದೆಣಿಸಿದ ನ್ಯಾಯವು ಸೊಸೆಗೆ ಕೊಟ್ಟುದನ್ನು ಮಗಳಿಂದ ಕಸಿದುಕೊಂಡಿತು.

ಸ್ವತಂತ್ರ ಭಾರತವು ಈ ಮಾರ್ಗವನ್ನು ಬಿಟ್ಟಿತು. ೧೯೫೫ರ ನಾಗರಿಕತ್ವ ಕಾಯದೆಯಲ್ಲಿ ವಿವಾಹಮಾತ್ರದಿಂದ ನಾಗರಿಕತ್ವವಿಲ್ಲ. ಅರ್ಜಿ ಮಾಡಿ ನೋಂದಣಿ ಹೊಂದಬೇಕು. ಮೊದಲು ಈ ಅವಕಾಶವು ಭಾರತೀಯರನ್ನು ವರಿಸಿದ ಸ್ತ್ರೀಯರಿಗೆ ಮಾತ್ರವಿತ್ತು. ೧೯೮೬ರ ತಿದ್ದುಪಡಿಯು ‘ಸ್ತ್ರೀಯರು’ ಎಂಬಲ್ಲಿ ‘ವ್ಯಕ್ತಿಗಳು’ ಎಂದು ಮಾಡಿ ಅಳಿಯನಿಗೂ ಸೊಸೆಗೂ ಒಂದೇ ನ್ಯಾಯವನ್ನು ಇಟ್ಟು, ಐದು ವರ್ಷಗಳ ವಾಸವನ್ನು ವಿಧಿಸಿತು. ೨೦೦೩ರ ತಿದ್ದುಪಡಿಯಿಂದ ಆ ಅವಧಿ ಏಳು ವರ್ಷಗಳಾಯಿತು. ೨೦೧೫ರಲ್ಲಿ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡು, ಅಂದರೆ ಓ.ಸಿ.ಐ., ವಿದೇಶೀಯ ದಂಪತಿಗಳಿಗೂ ದೊರೆಯುವಂತಾಯಿತು. ಪ್ರವೇಶವನ್ನು ಆಳುತ್ತಿದ್ದ ೧೯೨೦, ೧೯೩೯, ೧೯೪೬ರ ಕಾಯದೆಗಳನ್ನು ರದ್ದುಪಡಿಸಿ, ೨೦೨೫ರ ವಲಸೆ ಮತ್ತು ವಿದೇಶೀಯರ ಕಾಯದೆಯು ಅದೇ ವರ್ಷ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದಿತು.

ಈ ಇತಿಹಾಸದಿಂದ ಇಂದಿನ ಕ್ರಮವು ತಾನಾಗಿಯೇ ತಿಳಿಯುವುದು. ಅತ್ತೆಮಾವಂದಿರನ್ನು ನೋಡಿ, ಗೋಳಗುಮ್ಮಟ ನೋಡಿ ಹಿಂದಿರುಗುವವರಿಗೆ ಪ್ರವಾಸಿ ವೀಸಾ ಸಾಕು. ಸಂಸಾರ ಹೂಡಿ ನಿಲ್ಲತಕ್ಕವರಿಗೆ ಅದು ಸಲ್ಲದು. ಅವರು ಬೇಡತಕ್ಕದ್ದು ಎಕ್ಸ್ ಎಂದು ಕರೆಯಲ್ಪಡುವ ಪ್ರವೇಶ ವೀಸಾವನ್ನು. ಅದರ ಅವಧಿಯು ೧೮೦ ದಿನಗಳನ್ನು ಮೀರಿದ್ದರೆ ಬಂದ ೧೪ ದಿನಗಳೊಳಗೆ ನೋಂದಣಿ ಮಾಡಿಸುವುದು ಸಾಮಾನ್ಯ ನಿಯಮ. ವಿವಾಹವು ನೋಂದಣಿಯಾಗಿ ಎರಡು ವರ್ಷಗಳು ಅವಿಚ್ಛಿನ್ನವಾಗಿ ನಡೆದಿದ್ದರೆ ಓ.ಸಿ.ಐ.ಗೆ ಅರ್ಜಿ ಮಾಡಬಹುದು. ತಾವಾಗಲಿ ತಮ್ಮ ಹಿರಿಯರಾಗಲಿ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ನಾಗರಿಕರಾಗಿದ್ದವರಿಗೆ ಇದು ದೊರೆಯದು. ವಿವಾಹವು ಮುರಿದರೆ ಕಾರ್ಡು ರದ್ದಾಗಬಹುದು. ಅದು ಹೆಸರಿನಲ್ಲಿ ನಾಗರಿಕ ಕಾರ್ಡಾದರೂ ನಾಗರಿಕತ್ವವಲ್ಲ; ಮತದಾನದ ಹಕ್ಕಿಲ್ಲ, ಕೃಷಿಭೂಮಿಯನ್ನು ಕೊಳ್ಳುವ ಹಕ್ಕೂ ಇಲ್ಲ. ತಿಕೋಟಾದ ದ್ರಾಕ್ಷಿತೋಟಗಳ ನಡುವೆ ಸೊಸೆಯ ಹೆಸರಿಗೆ ಹೊಲ ಕೊಳ್ಳಬೇಕೆಂದಿರುವವರು ಇದನ್ನು ಮೊದಲೇ ತಿಳಿದಿರಬೇಕು.

ಇನ್ನೊಂದು ಸಂಗತಿಯು ಇದಕ್ಕಿಂತಲೂ ಮುಖ್ಯವಾದುದು. ವೀಸಾದ ವಿಚಾರಕ್ಕೆ ಮುಂಚೆ ನಮ್ಮ ಮಗನ ಅಥವಾ ಮಗಳ ಸ್ಥಿತಿಯನ್ನೇ ವಿಚಾರಿಸಬೇಕು. ಸ್ವೇಚ್ಛೆಯಿಂದ ಪರದೇಶದ ನಾಗರಿಕತ್ವವನ್ನು ಹೊಂದಿದವನು ಭಾರತೀಯ ನಾಗರಿಕನಾಗಿ ಉಳಿಯುವುದಿಲ್ಲ. ಅವನು ಓ.ಸಿ.ಐ. ಕಾರ್ಡು ಪಡೆದಿದ್ದರೆ ಅವನ ಹೆಂಡತಿಯೂ ಎರಡು ವರ್ಷಗಳ ಮೇಲೆ ಅದನ್ನು ಕೇಳಬಹುದು. ಆದರೆ ಭಾರತೀಯನನ್ನು ವರಿಸಿದವಳೆಂಬ ಆಧಾರದಿಂದ ನಾಗರಿಕತ್ವವನ್ನು ಕೇಳಲಾರಳು. ಮನೆಯವರು ಪರಕೀಯಳೆಂದು ಸೊಸೆಯನ್ನು ಕುರಿತು ಚಿಂತಿಸುತ್ತಿರುವಾಗ, ಕಾಯದೆಯ ದೃಷ್ಟಿಯಲ್ಲಿ ಮಗನೂ ಪರಕೀಯನಾಗಿರುವುದುಂಟು.

ಹೀಗೆ ಮುದ್ರೆಯೂ ವಿವಾಹವೂ ಕೌಟಿಲ್ಯನಲ್ಲಿದ್ದಂತೆ ಮತ್ತೆ ಬೇರೆಬೇರೆಯಾಗಿವೆ. ಆದರೆ ಇವೆರಡಕ್ಕೂ ನಡುವೆ ಈಗ ಮೆಟ್ಟಲುಗಳುಂಟು. ಏಳು ಹೆಜ್ಜೆಗಳಲ್ಲಿ ಕುಲವನ್ನು ಸೇರಿದವಳು ದೇಶವನ್ನು ಸೇರಲು ಏಳು ವರ್ಷಗಳು ಬೇಕೆಂಬುದು ಹಿರಿಯರಿಗೆ ಕಠಿನವೆನಿಸೀತು. ಆದರೆ ಇಂದು ಆಕೆಯು ಯಾರ ನೆರಳೂ ಆಗಿ ಬರಬೇಕಾಗಿಲ್ಲ. ತನ್ನ ಹೆಸರಿನಿಂದ ತಾನೇ ಅರ್ಜಿಗೆ ಸಹಿ ಹಾಕಿ ಬರುತ್ತಾಳೆ. ಅವಳಂತೆಯೇ ಬೇರೊಂದು ಮನೆಗೆ ಹೋಗುವ ನಮ್ಮ ಮಗಳು ತನ್ನ ವಿವಾಹದಿಂದಲೇ ಹುಟ್ಟಿದ ನಾಡನ್ನು ಕಳೆದುಕೊಳ್ಳುವುದಿಲ್ಲ. ಈ ಲಾಭವನ್ನು ಎಣಿಸಿದರೆ ಕಾಯುವ ವರ್ಷಗಳು ಭಾರವೆನಿಸಲಾರವೆಂದು ನಮ್ಮ ಅಭಿಪ್ರಾಯ.