ಬೆಂಗಳೂರಿನಲ್ಲಿ ಕೂತು ಕುಡಿದವರು, ನಿಂತು ಕುಡಿದವರು

ಬೆಂಗಳೂರಿಗೆ ಬಿರುದುಗಳಿಗೇನೂ ಕಮ್ಮಿ ಇಲ್ಲ. ಉದ್ಯಾನ ನಗರಿ, ಪಿಂಚಣಿದಾರರ ಸ್ವರ್ಗ, ಸಿಲಿಕಾನ್ ಸಿಟಿ... ಇವುಗಳ ಮಧ್ಯೆ ಒಂಚೂರು ಸಂಕೋಚ, ಒಂಚೂರು ಹೆಮ್ಮೆ ಎರಡೂ ಸೇರಿಸಿ ಹೇಳಿಕೊಳ್ಳುವ ಇನ್ನೊಂದು ಹೆಸರು 'ಪಬ್ ಸಿಟಿ'. ಈ ಹೆಸರಿನ ಕತೆ ಹೇಳುವವರೆಲ್ಲ 1986ರ ಚರ್ಚ್ ಸ್ಟ್ರೀಟಿನಿಂದ ಶುರು ಮಾಡುತ್ತಾರೆ. ಅದಕ್ಕೂ ಮುಂಚೆ ಊರಿಗೆ ಊರೇ ಬೈಟೂ ಕಾಫಿ ಕುಡಿದುಕೊಂಡು ಇತ್ತೇನೋ ಅನ್ನುವ ಹಾಗೆ!

ಕುಡಿಯುವವರ ಬೆಂಗಳೂರಿನ ಚರಿತ್ರೆಯನ್ನು ನಾನು ಸ್ವಲ್ಪ ಬೇರೆ ಮೂಲೆಯಿಂದ ನೋಡುತ್ತೇನೆ. ಯಾರು ಏನು ಕುಡಿದರು ಅನ್ನುವುದು ಅಷ್ಟು ಮುಖ್ಯ ಅಲ್ಲ. ಯಾರಿಗೆ ಕುರ್ಚಿ ಸಿಕ್ಕಿತು, ಯಾರು ನಿಂತುಕೊಂಡೇ ಗಂಟಲಿಗೆ ಸುರಿದುಕೊಂಡು ಹೋಗಬೇಕಾಯಿತು ಅನ್ನುವುದು ಮುಖ್ಯ. ಇದು ಕುಡಿಯಿರಿ ಅಂತ ಹೇಳುವ ಬರಹ ಅಲ್ಲ, ಕುಡಿಯಬೇಡಿ ಅಂತ ಬುದ್ಧಿ ಹೇಳುವುದೂ ಅಲ್ಲ. ಅದಕ್ಕೆ ನಿಮ್ಮ ಮನೆಯವರಿದ್ದಾರೆ :-)

ಮೊದಲಿಗೆ ನೆನಪಿಡಬೇಕಾದ್ದು, ನಮ್ಮ ಬೆಂಗಳೂರು ಒಂದು ಊರಲ್ಲ, ಎರಡು. ಒಂದು ಕೆಂಪೇಗೌಡರು ಕಟ್ಟಿದ ಪೇಟೆ. ಇನ್ನೊಂದು 1809ರಲ್ಲಿ ಬ್ರಿಟಿಷರು ಹಲಸೂರಿನ ಆಸುಪಾಸಿನಲ್ಲಿ ತಳ ಊರಿದ ದಂಡು, ಅಂದರೆ ಕಂಟೋನ್ಮೆಂಟ್. ಎರಡಕ್ಕೂ ಬೇರೆ ಬೇರೆ ಆಡಳಿತ, ಬೇರೆ ಮಾರುಕಟ್ಟೆ, ಬೇರೆ ಭಾಷೆ. 1949ರಲ್ಲಿ ಎರಡನ್ನೂ ಸೇರಿಸಿ ಒಂದು ಕಾರ್ಪೊರೇಶನ್ ಮಾಡುವ ತನಕ ಹೀಗೇ ಇತ್ತು. ಕುಡಿತದ ಮಟ್ಟಿಗೂ ಎರಡು ಊರು ಬೇರೆ ಬೇರೆಯೇ.

ಪೇಟೆ ಕಡೆಯವರದ್ದು ಹೆಂಡ ಮತ್ತು ಸಾರಾಯಿ. ಹೆಂಡಕ್ಕೆ ಒಂದು ಗುಣ ಇದೆ. ಬೆಳಿಗ್ಗೆ ಇಳಿಸಿದ್ದು ಮಾರನೇ ದಿನಕ್ಕೆ ಹುಳಿ ಬಂದು ಕೆಡುತ್ತದೆ. ಕಟ್ಟಿಸಿಕೊಂಡು ದೂರ ಒಯ್ಯುವ ಸರಕಲ್ಲ. ಮರ ಇರುವ ಕಡೆ, ಇಲ್ಲ ಅದಕ್ಕೆ ಹತ್ತಿರದಲ್ಲೇ ಕುಡಿದು ಮುಗಿಸಬೇಕು. ಹಾಗಾಗಿ ಹೆಂಡದಂಗಡಿ ಅಂದರೆ ಅದೊಂದು ಜಾಗ. ಒಂದು ಚಪ್ಪರ, ನಾಲ್ಕು ಜನ, ಕುಕ್ಕರುಗಾಲಲ್ಲಿ ಕೂತ ಹರಟೆ. ಕುರ್ಚಿ ಇಲ್ಲದಿದ್ದರೂ ಕೂರುವುದಕ್ಕೆ ನೆಲವಾದರೂ ಇತ್ತು. ಜಿ.ಪಿ. ರಾಜರತ್ನಂ 'ರತ್ನನ ಪದಗಳು' ಬರೆದಾಗ ಅವರಿಗೆ ಸಿಕ್ಕ ಹೀರೋ ಕ್ಲಬ್ಬಿನಲ್ಲಿ ಕೂತ ಸಾಹೇಬರಲ್ಲ, ಹೆಂಡ ಕುಡಿಯುವ ರತ್ನ. ಅವನ ಬಾಯಲ್ಲಿ ಅವರು ಆಡಿಸಿದ ಕನ್ನಡ ಪುಸ್ತಕದ ಕನ್ನಡ ಅಲ್ಲ, ಬೀದಿಯ ಕನ್ನಡ.

ದಂಡಿನ ಕಡೆ ಕತೆಯೇ ಬೇರೆ. ಅಲ್ಲಿ ಸಿಪಾಯಿಗೆ ಬಿಯರ್ ಬೇಕು, ಅಧಿಕಾರಿಗೆ ಕ್ಲಬ್ಬು ಬೇಕು. ಇವತ್ತಿನ ಬೆಂಗಳೂರು ಕ್ಲಬ್ ಶುರುವಾದದ್ದು 1868ರಲ್ಲಿ, ಬ್ಯಾಂಗಲೋರ್ ಯುನೈಟೆಡ್ ಸರ್ವಿಸಸ್ ಕ್ಲಬ್ ಅನ್ನುವ ಹೆಸರಿನಲ್ಲಿ. ವಿನ್‌ಸ್ಟನ್ ಚರ್ಚಿಲ್ ಇಲ್ಲಿ ಸೇನೆಯಲ್ಲಿದ್ದಾಗ ಈ ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ ಕತೆ ನಿಮಗೆಲ್ಲ ಗೊತ್ತಿರತ್ತೆ. ಆ ಲೆಜ್ಜರನ್ನು ಕ್ಲಬ್ಬಿನವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ನೋಡಿ, ಸಾಹೇಬರ ಸಾಲವೂ ಚರಿತ್ರೆ ಆಗತ್ತೆ. ಹೆಂಡದಂಗಡಿಯಲ್ಲಿ ಗೋಡೆ ಮೇಲೆ ಇದ್ದಿಲಲ್ಲಿ ಗೀಚಿದ ಸಾಲದ ಲೆಕ್ಕ ಮುಂದಿನ ಹಬ್ಬಕ್ಕೆ ಸುಣ್ಣ ಬಳಿದಾಗ ಹೋಗತ್ತೆ. 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಕಬ್ಬನ್ ಪಾರ್ಕಿನಲ್ಲಿ ಸೆಂಚುರಿ ಕ್ಲಬ್ ಶುರು ಮಾಡಿದರು. ಹಾಗೆ ನಮ್ಮ ದೊಡ್ಡ ಮನುಷ್ಯರಿಗೂ ಒಂದು ಕುರ್ಚಿ ಸಿಕ್ಕಿತು. ಸಣ್ಣ ಮನುಷ್ಯ ಮಾತ್ರ ಇದ್ದಲ್ಲೇ ಇದ್ದ.

ಬಿಯರಿನ ಕತೆಯೂ ದಂಡಿನದೇ. ದಕ್ಷಿಣ ಭಾರತದ ಐದು ಸಣ್ಣ ಬ್ರೂವರಿಗಳನ್ನು ಸೇರಿಸಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟಿಷ್ ಮನುಷ್ಯ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಬಿಳಿ ಸೈನಿಕರೇ ಮುಖ್ಯ ಗಿರಾಕಿಗಳು. ಪೀಪಾಯಿಗಳಲ್ಲಿ ತುಂಬಿಸಿ ಎತ್ತಿನ ಗಾಡಿ ಮೇಲೆ ಸಾಗಿಸುತ್ತಿದ್ದರು. 1947ರಲ್ಲಿ ವಿಠ್ಠಲ ಮಲ್ಯ ಕಂಪನಿಯೊಳಗೆ ಬಂದರು. ಬ್ರೂವರಿ ಇದ್ದ ಗ್ರಾಂಟ್ ರಸ್ತೆಗೆ ಮುಂದೆ ಅವರದೇ ಹೆಸರು ಬಂತು. ಬ್ರೂವರಿ ಇದ್ದ ಜಾಗದಲ್ಲಿ 2008ರಲ್ಲಿ ಯುಬಿ ಸಿಟಿ ಮಾಲ್ ತಲೆ ಎತ್ತಿತು. ಒಂದು ಕಾಲಕ್ಕೆ ಸಾಮಾನ್ಯ ಸೋಲ್ಜರನಿಗೆ ಬಿಯರ್ ಹೋಗುತ್ತಿದ್ದ ಜಾಗಕ್ಕೆ ಈಗ ಒಳಗೆ ಕಾಲಿಡಲು ಚಪ್ಪಲಿ ನೋಡಿಕೊಳ್ಳುವ ಹಾಗಾಗಿದೆ.

ಸಿಪಾಯಿಗಳನ್ನು ನಂಬಿಕೊಂಡು ದಂಡು ಪ್ರದೇಶದಲ್ಲಿ ಸಣ್ಣ ಸಣ್ಣ ವೈನ್ ಸ್ಟೋರುಗಳೂ ಹುಟ್ಟಿಕೊಂಡಿದ್ದವು. ಅವುಗಳಲ್ಲಿ ಹೆಸರುವಾಸಿಯಾದದ್ದು ಕಂಟೋನ್ಮೆಂಟ್ ಸ್ಟೇಷನ್ ಹತ್ತಿರ, ಕಾಕ್‌ಬರ್ನ್ ರಸ್ತೆಯಲ್ಲಿದ್ದ ಡ್ಯೂಯರ್ಸ್. 1930ರ ದಶಕದ್ದು. ಬೆತ್ತದ ಕುರ್ಚಿ, ಹಳೇ ಮರದ ಮೇಜು, ಗಡಿಬಿಡಿ ಇಲ್ಲದ ಸಪ್ಲೈಯರ್. ಬ್ರಿಟಿಷರು ಹೋದ ಮೇಲೂ ಎಷ್ಟೋ ದಶಕ ನಡೆದು ಕೊನೆಗೆ ಮುಚ್ಚಿತು. ಏರಿಯಾ ಬಾರ್ ಅನ್ನುವುದಕ್ಕೆ ಬೆಂಗಳೂರಿನಲ್ಲಿ ಒಂದು ಮಾದರಿ ಇದ್ದರೆ ಅದು ಇಂಥದ್ದು. ಹಾಡಿಲ್ಲ, ಟೀವಿ ಇಲ್ಲ. ದಿನಾ ಬರುವವರಿಗೆ ದಿನಾ ಅದೇ ಕುರ್ಚಿ.

ಸ್ವಾತಂತ್ರ್ಯ ಬಂದ ಮೇಲೆ ಪಾನನಿಷೇಧದ ಕಾಲ. ಮೈಸೂರು ರಾಜ್ಯದ ಹಲವು ಜಿಲ್ಲೆಗಳಲ್ಲಿ ಜಾರಿಯಲ್ಲಿದ್ದ ನಿಷೇಧವನ್ನು 1967ರಲ್ಲಿ ಕೈಬಿಟ್ಟರು. ಮರುವರ್ಷ, 1968ರಲ್ಲಿ, ಮದ್ಯ ಮಾರಾಟದ ಹೊಸ ನಿಯಮಗಳು ಬಂದವು. ನಮ್ಮ ಏರಿಯಾ ಬಾರುಗಳ ಜಾತಕ ಬರೆದದ್ದು ಈ ನಿಯಮಗಳೇ. ಸಿಎಲ್-2 ಅಂದರೆ ವೈನ್ ಶಾಪು. ಸೀಲ್ ಆದ ಬಾಟಲಿ ಮಾರಬಹುದು, ಅಲ್ಲಿ ಕುಡಿಯುವ ಹಾಗಿಲ್ಲ. ಸಿಎಲ್-4 ಕ್ಲಬ್ಬಿಗೆ. ಸಿಎಲ್-7 ರೂಮುಗಳಿರುವ ಹೋಟೆಲ್-ಲಾಡ್ಜಿಗೆ. ಸಿಎಲ್-9 ನಾವು ಬಾರ್ ಅಂಡ್ ರೆಸ್ಟೋರೆಂಟ್ ಅಂತ ಕರೆಯುವುದಕ್ಕೆ. ಬೋರ್ಡಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರತ್ತೆ, ಈ ಸಲ ಹೋದಾಗ ನೋಡಿ.

ಹಾಗಂತ ಕಾನೂನಿನ ಪುಸ್ತಕವೇ ಬೇರೆ, ಬೀದಿಯೇ ಬೇರೆ. ವೈನ್ ಶಾಪಿನಲ್ಲಿ ಕುಡಿಯುವ ಹಾಗಿಲ್ಲ ಅಂದರೂ ಪಕ್ಕದ ಸಂದಿಯಲ್ಲಿ ಗೋಡೆಗೊಂದು ಹಲಗೆ ಹೊಡೆದಿರುತ್ತಾರೆ. ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್ಟು, ಒಂದು ಪೊಟ್ಟಣ ಕಡಲೆಬೀಜ. ನೈಂಟಿ ಹಾಕಿಕೊಂಡು ಬಾಯಿ ಒರೆಸಿಕೊಂಡು ಐದು ನಿಮಿಷದಲ್ಲಿ ಹೊರಗೆ. ಯಾರ ಮುಖ ಯಾರೂ ನೋಡುವುದಿಲ್ಲ. ಸಿಎಲ್-9 ಬಾರಿಗೆ ಹೋದರೆ ಕುರ್ಚಿ ಇದೆ, ಆದರೆ ಬೆಳಕಿಲ್ಲ. ಕೆಂಪು ಬಲ್ಬು, ಕಿಟಕಿಗೆ ದಪ್ಪ ಪರದೆ. ಗಲ್ಲಾಪೆಟ್ಟಿಗೆ ಮೇಲೆ ಊದುಬತ್ತಿ ಹಚ್ಚಿದ ದೇವರ ಪಟ, ಅದರ ಪಕ್ಕದಲ್ಲಿ ಅಣ್ಣಾವ್ರು. 'ಫ್ಯಾಮಿಲಿ ರೂಮ್' ಅಂತ ಬರೆದ ಬಾಗಿಲ ಹಿಂದೆ ಫ್ಯಾಮಿಲಿ ಒಂದು ಬಿಟ್ಟು ಮಿಕ್ಕೆಲ್ಲ ಇರತ್ತೆ. ಕುಡಿಯುವವನು ಯಾರ ಕಣ್ಣಿಗೂ ಬೀಳಬಾರದು ಅಂತಲೇ ಕಟ್ಟಿದ ಜಾಗ ಅದು.

ಇದಕ್ಕಿಂತ ಕೆಳಗಿನ ಮೆಟ್ಟಿಲು ಸಾರಾಯಿ ಅಂಗಡಿ. ಹೆಂಡಕ್ಕೆ ಜಾಗ ಬೇಕಿತ್ತು, ಸಾರಾಯಿಗೆ ಬೇಕಿರಲಿಲ್ಲ. ಅದು ಕೆಡುವುದಿಲ್ಲ, ಪಾಕೀಟಿನಲ್ಲಿ ತುಂಬಬಹುದು, ಜೇಬಲ್ಲಿ ಇಟ್ಟುಕೊಳ್ಳಬಹುದು. ಪಾಕೀಟಿನ ಮೂಲೆ ಹಲ್ಲಲ್ಲಿ ಕಚ್ಚಿ ಹರಿದರೆ ಕೆಲಸ ಮುಗೀತು. ಅಂಗಡಿಗಳನ್ನು ಸರ್ಕಾರ ಹರಾಜು ಹಾಕುತ್ತಿತ್ತು, ಕಂಟ್ರಾಕ್ಟರುಗಳು ಹಿಡಿಯುತ್ತಿದ್ದರು. ತೆರಿಗೆ ಕಟ್ಟಿದ ಸಾರಾಯಿ ಜೊತೆಗೆ ತೆರಿಗೆ ಕಟ್ಟದ 'ಸೆಕೆಂಡ್ಸ್' ಕೂಡ ಬೆರೆತುಹೋಗುತ್ತಿತ್ತು. ಕುಡಿಯುವವನಿಗೆ ಗೊತ್ತಾಗುವ ಹಾಗಿರಲಿಲ್ಲ.

ಜುಲೈ 1981ರಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತದ್ದನ್ನು ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಇದು ಬಣ್ಣ-ವಾರ್ನಿಷ್ ಕೆಲಸಕ್ಕೆ ಬಳಸುವ ಸ್ಪಿರಿಟ್ಟು. ನೋಡುವುದಕ್ಕೂ ಮೂಸುವುದಕ್ಕೂ ಕುಡಿಯುವ ಆಲ್ಕೋಹಾಲಿನ ಹಾಗೇ ಇರತ್ತೆ. ಹೊಟ್ಟೆಗೆ ಹೋದ ಮೇಲೆ ದೇಹದಲ್ಲಿ ಫಾರ್ಮಿಕ್ ಆಸಿಡ್ ಆಗಿ ಮೊದಲು ಕಣ್ಣು ತೆಗೆಯತ್ತೆ, ಆಮೇಲೆ ಜೀವ. ಸತ್ತವರು ಬಹುಪಾಲು ಕೂಲಿಯವರು, ಕೊಳೆಗೇರಿಯವರು.

ಇದಾಗಿ ಐದೇ ವರ್ಷಕ್ಕೆ, 1986ರಲ್ಲಿ, ಚರ್ಚ್ ಸ್ಟ್ರೀಟಿನಲ್ಲಿ ಹರಿ ಖೋಡೆಯವರ ರಾಮ್‌ಡಾ ಪಬ್ ಬಾಗಿಲು ತೆರೆಯಿತು. ಬೆಂಗಳೂರಿನ ಮೊದಲ ಪಬ್. ನಮ್ಮೂರಿನ ಪತ್ರಿಕೆಗಳು, ಪ್ರವಾಸಿ ಗೈಡುಗಳು ಈ ಎರಡನೇ ಇಸವಿಯನ್ನು ಬಾಯಿಪಾಠ ಮಾಡಿವೆ. ಮೊದಲನೆಯದನ್ನು ಮರೆತಿವೆ.

ಪಬ್ಬು ತಂದ ಬದಲಾವಣೆ ದೊಡ್ಡದು, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಇಡೀ ಬಾಟಲಿ ಕೊಳ್ಳಬೇಕಿಲ್ಲ, ಒಂದು ಮಗ್ ಸಾಕು. ಡ್ರಾಟ್ ಬಿಯರ್ ಕೂಡ ಒಂದು ಥರದಲ್ಲಿ ಹೆಂಡದ ಹಾಗೇ, ಬಹಳ ದಿನ ಇಡುವಂತಿಲ್ಲ, ದೂರ ಸಾಗಿಸುವಂತಿಲ್ಲ. ಬ್ರೂವರಿ ಊರೊಳಗೇ ಇದ್ದದ್ದರಿಂದ ಬೆಂಗಳೂರಿಗೆ ಅದು ಸುಲಭವಾಯಿತು. ಹವೆಯೂ ಚೆನ್ನಾಗಿತ್ತು. ಮುಖ್ಯವಾಗಿ, ಕುಡಿಯುವ ಜಾಗಕ್ಕೆ ಬೆಳಕು ಬಂತು. ಹಾಡು ಬಂತು, ಹೆಣ್ಣುಮಕ್ಕಳು ಬಂದರು. ನೋಡನೋಡುತ್ತಿದ್ದಂತೆ ಮಹಾತ್ಮ ಗಾಂಧಿ ರಸ್ತೆ (ಹೆಸರು ಗಮನಿಸಿ!), ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಪಬ್ಬುಗಳು ಸಾಲುಗಟ್ಟಿದವು. ಬಾಹ್ಯಾಕಾಶ ನೌಕೆಯ ಒಳಗಿನಂತೆ ಕಟ್ಟಿದ್ದ ನಾಸಾ, ರೆಸಿಡೆನ್ಸಿ ರಸ್ತೆಯ ಪಬ್ ವರ್ಲ್ಡ್, 1989ರಲ್ಲಿ ಶುರುವಾದ ರೆಸ್ಟ್ ಹೌಸ್ ರಸ್ತೆಯ ಪೆಕೋಸ್. ರಾಕ್ ಹಾಡು ಕೇಳಿಕೊಂಡು ಒಂದು ಪಿಚರ್ ಬಿಯರನ್ನು ನಾಲ್ಕು ಜನ ಹಂಚಿಕೊಂಡು ಸಂಜೆ ಪೂರಾ ಕೂತ ಹುಡುಗರು ಈಗ ಮಕ್ಕಳ ಮದುವೆ ಮಾಡುವ ವಯಸ್ಸಿನವರು.

ಆದರೆ ಆ ಬೆಳಕು ಬಿದ್ದದ್ದು ದಂಡಿನ ಕಡೆ ಮಾತ್ರ. ಜೇಬಲ್ಲಿ ಕಾಸು, ಕಾಲಲ್ಲಿ ಬೂಟು, ಬಾಯಲ್ಲಿ ನಾಲ್ಕು ಇಂಗ್ಲಿಷು ಮಾತು ಇದ್ದವರಿಗೆ. ಎರಡು ಊರನ್ನು ಕಾಗದದ ಮೇಲೆ ಸೇರಿಸಿ ಅಷ್ಟು ವರ್ಷವಾಗಿದ್ದರೂ ಲೋಟದ ಲೆಕ್ಕದಲ್ಲಿ ಅವು ಇನ್ನೂ ಎರಡೇ.

ಮುಂದಿನ ಕತೆಯಲ್ಲೂ ಇದೇ ಕಾಣುತ್ತದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಉದ್ದೇಶ ಒಳ್ಳೆಯದೇ, ಅದಕ್ಕಾಗಿ ಊರೂರಲ್ಲಿ ಹೆಂಗಸರು ಬೀದಿಗಿಳಿದು ಹೋರಾಡಿದ್ದರು. ಆದರೆ ಕುಡಿಯುವವನು ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆಗೆ ಉತ್ತರ ಇರಲಿಲ್ಲ. ಹತ್ತು ತಿಂಗಳು ಕಳೆಯುವಷ್ಟರಲ್ಲಿ, ಮೇ 2008ರಲ್ಲಿ, ಬೆಂಗಳೂರಿನ ಸುತ್ತಮುತ್ತ, ಕೋಲಾರ ಮತ್ತು ಗಡಿಯಾಚೆ ತಮಿಳುನಾಡಿನ ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ಮತ್ತೆ ಅದೇ ಮಿಥೈಲ್ ಆಲ್ಕೋಹಾಲ್, ಮತ್ತೆ ಅದೇ ಕೂಲಿಯವರು.

ಕುರ್ಚಿ ಸಿಕ್ಕವರಿಗೂ ಅದು ಖಾತ್ರಿ ಏನಲ್ಲ. 2009ರ ಜನವರಿ 24ರಂದು ಮಂಗಳೂರಿನ ಅಮ್ನೇಷಿಯಾ ಪಬ್ಬಿಗೆ ಶ್ರೀರಾಮ ಸೇನೆಯವರು ನುಗ್ಗಿ ಹೆಣ್ಣುಮಕ್ಕಳನ್ನು ಎಳೆದಾಡಿ ಹೊಡೆದದ್ದನ್ನು ಇಡೀ ದೇಶ ಟೀವಿಯಲ್ಲಿ ನೋಡಿತು. 2018ರಲ್ಲಿ ಆರೋಪಿಗಳ ಖುಲಾಸೆಯೂ ಆಯಿತು. ಇಲ್ಲೂ ಪ್ರಶ್ನೆ ಕುಡಿತದ್ದಲ್ಲ. ಗಂಡಸು ಹಲಗೆ ಹಿಡಿದು ತೂರಾಡಿದರೆ ಯಾರ ಸಂಸ್ಕೃತಿಗೂ ಏನೂ ಆಗುವುದಿಲ್ಲ, ಹೆಣ್ಣು ಬೆಳಕಿನಲ್ಲಿ ಕುರ್ಚಿ ಮೇಲೆ ಕೂತರೆ ಆಗುತ್ತದೆ ಅನ್ನುವುದು.

ಆಮೇಲೆ ಮೈಕ್ರೋಬ್ರೂವರಿಗಳ ಕಾಲ. 2011ರಲ್ಲಿ ವಿಠ್ಠಲ ಮಲ್ಯ ರಸ್ತೆಯ ದಿ ಬಿಯೆರ್ ಕ್ಲಬ್, ಇಂದಿರಾನಗರದ ಟಾಯ್ಟ್. ಅಲ್ಲೇ ಕುದಿಸಿ, ಅಲ್ಲೇ ಹುಳಿ ಬರಿಸಿ, ಅಲ್ಲೇ ಕುಡಿಸುವುದು. ಯೋಚನೆ ಮಾಡಿದರೆ ಮತ್ತೆ ಹೆಂಡದಂಗಡಿ! ಮರದ ಬದಲು ತಾಮ್ರದ ಹಂಡೆ, ಅಷ್ಟೇ. ಬಿಲ್ಲು ನೋಡಿದಾಗ ಮಾತ್ರ ವ್ಯತ್ಯಾಸ ಗೊತ್ತಾಗತ್ತೆ.

ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರುವಂತಿಲ್ಲ ಎಂಬ ಸುಪ್ರೀಂ ಕೋರ್ಟಿನ ಆದೇಶದಿಂದ 2017ರ ಜುಲೈನಲ್ಲಿ ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟಿನ ಪಬ್ಬುಗಳೇ ಬಾಗಿಲು ಹಾಕಿದವು. ನಗರದೊಳಗಿನ ರಸ್ತೆಗೆ ಇದು ಅನ್ವಯಿಸುವುದಿಲ್ಲ ಅಂತ ಸ್ಪಷ್ಟವಾದ ಮೇಲೆ ಕೆಲವೇ ತಿಂಗಳಲ್ಲಿ ಮತ್ತೆ ತೆರೆದವು. ದೊಡ್ಡವರು ತಡೆದುಕೊಂಡರು.

ತಡೆದುಕೊಳ್ಳಲಾಗದೆ ಹೋಗುತ್ತಿರುವುದು ಸಣ್ಣ ಏರಿಯಾ ಬಾರು. ಅದನ್ನು ಕೊಲ್ಲುತ್ತಿರುವುದು ನೀತಿವಂತರೂ ಅಲ್ಲ, ಮೈಕ್ರೋಬ್ರೂವರಿಯೂ ಅಲ್ಲ, ಲೈಸೆನ್ಸು. 1990ರ ದಶಕದಿಂದ ಸರ್ಕಾರ ದಶಕಗಳ ಕಾಲ ಹೊಸ ಸಿಎಲ್-2, ಸಿಎಲ್-9 ಕೊಡಲಿಲ್ಲ. ಕುಡಿತ ಕಡಿಮೆ ಮಾಡುವುದಕ್ಕೆ ಅಂತ. ಊರು ಮಾತ್ರ ಬೆಳೆಯುತ್ತಲೇ ಹೋಯಿತು. ಹೊಸದು ಸಿಗದೆ ಹೋದಾಗ ಹಳೇದಕ್ಕೆ ಬೆಲೆ ಬಂತು. ಕಡಲೆಬೀಜ, ಮೊಟ್ಟೆ ಬುರ್ಜಿ ಮಾರಿಕೊಂಡು ಹತ್ತು ಮೇಜು ನಡೆಸುವ ಮುದುಕರಿಗೆ ಬಾರಿಗಿಂತ ಬಾರಿನ ಕಾಗದವೇ ಹೆಚ್ಚು ಬಾಳುವ ಆಸ್ತಿಯಾಯಿತು. ಮಕ್ಕಳಿಗೆ ಗಲ್ಲಾದಲ್ಲಿ ಕೂರುವ ಮನಸ್ಸಿಲ್ಲ. ಕಾಗದ ಮಾರಿದರೆ ಆಯಿತು. ಕೊಂಡವನು ಲೈಸೆನ್ಸನ್ನು ಸಾಫ್ಟ್‌ವೇರಿನವರು ಇರುವ ಬಡಾವಣೆಗೆ ಎತ್ತಿಕೊಂಡು ಹೋಗುತ್ತಾನೆ. ಹಳೇ ಏರಿಯಾದಲ್ಲಿ ಒಂದು ಬಾಗಿಲು ಮುಚ್ಚತ್ತೆ, ಹತ್ತು ಜನ ಸಂದಿಯ ಹಲಗೆ ಕಡೆ ನಡೆಯುತ್ತಾರೆ.

ಅದರಿಂದ ಏನು ನಷ್ಟ ಅಂತ ಕೇಳಬಹುದು. ಕೂತವನು ನಿಧಾನ ಕುಡಿಯುತ್ತಾನೆ, ಜೊತೆಗೆ ಏನಾದರೂ ತಿನ್ನುತ್ತಾನೆ. ಜಾಸ್ತಿ ಆದರೆ 'ಸಾಕು ಮನೆಗೆ ಹೋಗಣ್ಣ' ಅಂತ ಹೇಳುವ ಸಪ್ಲೈಯರ್ ಇರುತ್ತಾನೆ. ಎರಡು ದಿನ ಬರದೆ ಹೋದರೆ ಯಾಕೆ ಬಂದಿಲ್ಲ ಅಂತ ವಿಚಾರಿಸುವವರು ಇರುತ್ತಾರೆ. ನಿಂತವನನ್ನು ಕೇಳುವವರು ಯಾರೂ ಇಲ್ಲ. 1981ರಲ್ಲೂ 2008ರಲ್ಲೂ ಸತ್ತವರು ಇಂಥ ಯಾವ ಕುರ್ಚಿಯೂ ಇಲ್ಲದವರೇ.

ಹಾಗಾಗಿ ಪಬ್ ಸಿಟಿಯ ಚರಿತ್ರೆ ಬರೆಯುವವರು ದಯವಿಟ್ಟು 1986ಕ್ಕೆ ಮುಂಚೆ 1981ರ ಬಗ್ಗೆ ಒಂದು ಸಾಲಾದರೂ ಬರೆಯಲಿ. ನಿಮ್ಮ ಏರಿಯಾದಲ್ಲಿ ಹಳೇ ಬಾರೊಂದು ಉಳಿದಿದ್ದರೆ, ಇಲ್ಲವೇ ಮುಚ್ಚಿ ಹೋಗಿ ಮೊಬೈಲ್ ಅಂಗಡಿ ಆಗಿದ್ದರೆ, ಅದರ ಕತೆ ಬರೆದಿಡಿ. ಕುಡಿಯದವರೂ ಬರೆಯಬಹುದು. ಎದುರು ಮನೆಯವರಿಗೆ ಗೊತ್ತಿರುವಷ್ಟು ಒಳಗೆ ಕೂತವನಿಗೆ ಗೊತ್ತಿರುವುದಿಲ್ಲ :-)